ಚಿಕ್ಕ ಕಾಲಿಗೆ ತಕ್ಕ ಸಿಂಗಾಪುರ

ಬೇಸಿಗೆ ರಜ ಬಂತೆಂದರೆ ನಮ್ಮಂಥ ಗೃಹಿಣಿಯರಿಗೆ ಎರಡು ಕೆಲಸ ಖಂಡಿತ. ಒಂದು, ಹಪ್ಪಳ ಸಂಡಿಗೆ ಮಾಡಿ ಒಣಗಿಸುವುದು. ಇನ್ನೊಂದು, ಮನೆ ಹಿಡಿಯದೆ ಕುಣಿಯುವ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಬರುವುದು. ಹಿಂದೆಲ್ಲ ಅಜ್ಜಿ ಊರು, ಧರ್ಮಸ್ಥಳ, ಮೈಸೂರಿನ ಮೃಗಾಲಯ ಎನ್ನುವಷ್ಟರಲ್ಲಿ ರಜ ಮುಗಿದುಹೋಗುತ್ತಿತ್ತು. ಈಗ ನಮ್ಮಂಥ ಸಣ್ಣ ಊರುಗಳಲ್ಲೂ "ಈ ಸಲ ಸಿಂಗಾಪುರಕ್ಕೆ ಹೋಗೋಣ್ವಾ?" ಎಂಬ ಮಾತು ಕೇಳಿಬರುತ್ತಿದೆ. ನಿಮ್ಮ ಮನೆಯಲ್ಲೂ ಬಂದಿದ್ದರೆ, ಸೋದರಿಯರೇ, ಈ ನಾಲ್ಕು ಮಾತು ನಿಮಗಾಗಿ.

ನಾನು ಹೆಚ್ಚು ಓದಿದವಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಮದುವೆಯಾಗಿ ತಿಪಟೂರಿಗೆ ಬಂದವಳು. ಆದರೆ ಮನೆಯ ಲೆಕ್ಕದ ಪುಸ್ತಕ ಇಪ್ಪತ್ತು ವರ್ಷದಿಂದ ನನ್ನ ಕೈಯಲ್ಲೇ ಇದೆ. ತಿಂಗಳ ದಿನಸಿಗೆ ಯೋಜನೆ ಹಾಕುವವಳಿಗೆ ಪ್ರವಾಸದ ಯೋಜನೆ ಬಾರದೇ ಹೋದೀತೇ? 2024ರ ಏಪ್ರಿಲ್‌ನಲ್ಲಿ ನಾವು ಐದು ಜನ ಸಿಂಗಾಪುರಕ್ಕೆ ಹೋಗಿ ಬಂದೆವು. ನಮ್ಮ ಮನೆಯವರು, ನಾನು, ಮಂಡಿನೋವಿನ ಅರವತ್ತೆಂಟರ ಅತ್ತೆ, ಏಳನೆಯ ತರಗತಿ ಮುಗಿಸಿದ ಮಗಳು, ಆರು ವರ್ಷದ ಮಗ.

ಯಾರನ್ನು ಬಿಟ್ಟು ಹೋಗುವುದು?

ಮೊದಲಿಗೆ ನಮ್ಮ ಮನೆಯವರು ಒಂದು ಪ್ರವಾಸ ಸಂಸ್ಥೆಯ ಬಣ್ಣದ ಹಾಳೆ ತಂದರು. ನಾಲ್ಕು ದಿನ, ಹದಿನಾಲ್ಕು ಜಾಗ. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ರಾತ್ರಿ ಒಂಬತ್ತಕ್ಕೆ ಇಳಿಯುವುದು. ಅದನ್ನು ಓದಿದ ಅತ್ತೆ, "ನನ್ನ ಕೈಲಿ ಆಗೋ ಮಾತಲ್ಲ ಇದು. ನಾನು ಮನೆ ನೋಡ್ಕೊಂಡಿರ್ತೀನಿ. ಚಿಕ್ಕೋನನ್ನೂ ನನ್ನ ಹತ್ರ ಬಿಟ್ಟು ಹೋಗಿ. ಅವನು ದಾರೀಲಿ ರಚ್ಚೆ ಹಿಡೀತಾನೆ" ಅಂದರು. ಮಗ ಅಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನ ಮುಖ ನೋಡಿದ ಮೇಲೆ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ನೋಡಿ, ಇದೇ ನಿಜವಾದ ಪ್ರಶ್ನೆ. ಹದಿನಾಲ್ಕು ಜಾಗ ನೋಡಬೇಕೆಂದರೆ ಮನೆಯಲ್ಲಿ ಇಬ್ಬರನ್ನು ಬಿಟ್ಟು ಹೋಗಬೇಕು. ಐದೂ ಜನ ಹೋಗಬೇಕೆಂದರೆ ಎಂಟು ಜಾಗ ಬಿಡಬೇಕು. ನಾನು ಜಾಗಗಳನ್ನು ಬಿಟ್ಟೆ. ಮನೆಯಲ್ಲಿ ಅತಿ ಚಿಕ್ಕ ಕಾಲು ಯಾವುದು, ಅತಿ ನೋಯುವ ಕಾಲು ಯಾವುದು, ಆ ಎರಡು ಕಾಲಿಗೆ ಸರಿಹೋಗುವಂತೆ ಊರನ್ನು ಅಳೆದುಕೊಂಡರೆ ಉಳಿದವರಿಗೆ ತಾನೇ ಸರಿಹೋಗುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಿಂತಿದೆ.

ಸಿಂಗಾಪುರವನ್ನು ಆರಿಸಿಕೊಂಡದ್ದೂ ಅದಕ್ಕೇ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಇಡೀ ದೇಶದ ವಿಸ್ತೀರ್ಣ 730 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೆ. ನಮ್ಮ ತುಮಕೂರು ಜಿಲ್ಲೆಯೊಳಗೆ ಹದಿನಾಲ್ಕು ಸಿಂಗಾಪುರಗಳನ್ನು ಕೂರಿಸಬಹುದು! ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ದಿನಗಟ್ಟಲೆ ಪ್ರಯಾಣವಿಲ್ಲ. ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು. ಮಲಯ್, ಚೀನೀ, ಇಂಗ್ಲಿಷ್ ಜೊತೆಗೆ ತಮಿಳೂ ಅಲ್ಲಿ ಅಧಿಕೃತ ಭಾಷೆ. ಹೆಸರೂ ಸಂಸ್ಕೃತದ 'ಸಿಂಹಪುರ'ದಿಂದಲೇ ಬಂದದ್ದು.

ದುಡ್ಡಿನ ಮಾತು ಮೊದಲು

ನಮ್ಮದು ಹಾರ್ಡ್‌ವೇರ್ ಅಂಗಡಿ. ಮೂರು ವರ್ಷ ಕಟ್ಟಿದ ಚೀಟಿ ಹಣ ಬಂದಿತ್ತು. ಅದರಲ್ಲಿ ಬಳೆ ಮಾಡಿಸುವ ಮಾತಿತ್ತು. ಬಳೆ ಮುಂದೆಯೂ ಮಾಡಿಸಬಹುದು, ಮಗನಿಗೆ ಆರು ವರ್ಷವೂ ಅತ್ತೆಗೆ ನಡೆಯುವ ಶಕ್ತಿಯೂ ಮುಂದೆ ಬಾರವು ಎಂದುಕೊಂಡು ಹೊರಟೆವು. ಆದರೆ ಒಂದು ಮಾತು: ಸಾಲ ಮಾಡಿ ಮಾತ್ರ ಹೊರಡಬೇಡಿ. ಆರು ದಿನದ ಸಂತೋಷಕ್ಕೆ ಆರು ತಿಂಗಳು ಕಂತು ಕಟ್ಟುವುದು ಸಂಸಾರಸ್ಥರಿಗೆ ಹಿಡಿಸುವುದಿಲ್ಲ.

ನಾನು ಲೆಕ್ಕದ ಪುಸ್ತಕದಲ್ಲಿ ಐದು ಪುಟ ಮಾಡಿದೆ. ಟಿಕೆಟ್ ಮತ್ತು ವೀಸಾ, ವಸತಿ, ಪ್ರವೇಶ ಶುಲ್ಕ, ಊಟ ಮತ್ತು ರೈಲು, ಐದನೆಯದು ಆಪತ್ತಿಗೆ. ಈ ಐದನೆಯ ಪುಟದ ಹಣವನ್ನು ಯಾವ ಕಾರಣಕ್ಕೂ ಅಂಗಡಿಯಲ್ಲಿ ಮುಟ್ಟಕೂಡದು. ಪ್ರಯಾಣದ ವಿಮೆಯನ್ನು ಈ ಪುಟದಿಂದಲೇ ಮಾಡಿಸಿಕೊಳ್ಳಿ. ಅಲ್ಲಿ ವೈದ್ಯರ ಖರ್ಚು ನಮ್ಮ ಕೈಗೆಟುಕುವಂಥದಲ್ಲ.

ಅಲ್ಲಿಯ ಹಣ ಸಿಂಗಾಪುರ ಡಾಲರ್. ನಾವು ಹೋದಾಗ ಒಂದಕ್ಕೆ ಸುಮಾರು 62 ರೂಪಾಯಿ ಇತ್ತು. ನೀವು ಹೊರಡುವ ವಾರದ ದರ ಕೇಳಿಕೊಳ್ಳಿ. ಮಗಳಿಗೆ ಆ ಮಗ್ಗಿಯನ್ನೇ ಕಲಿಸಿದ್ದೆ. ಅಂಗಡಿಯಲ್ಲಿ ಏನು ಕಂಡರೂ ಅವಳೇ ಗುಣಿಸಿ, "ಅಮ್ಮಾ, ಈ ಬೊಂಬೆ ಸಾವಿರದ ಇನ್ನೂರು" ಅನ್ನುತ್ತಿದ್ದಳು. ನಾನು ಬೇಡ ಅನ್ನುವ ಪ್ರಮೇಯವೇ ಬರಲಿಲ್ಲ.

ಯಾವಾಗ ಹೋಗುವುದು? ಸಿಂಗಾಪುರ ಭೂಮಧ್ಯರೇಖೆಯ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಸೆಕೆ, ವರ್ಷವಿಡೀ ಮಳೆ. ನವೆಂಬರಿನಿಂದ ಜನವರಿವರೆಗೆ ಮಳೆ ಜಾಸ್ತಿ. ಅಲ್ಲಿಯ ಶಾಲೆಗಳಿಗೆ ದೊಡ್ಡ ರಜ ಜೂನ್‌ನಲ್ಲಿ ಮತ್ತು ವರ್ಷದ ಕೊನೆಗೆ. ನಮ್ಮ ಮಕ್ಕಳಿಗೆ ರಜವಿರುವ ಏಪ್ರಿಲ್-ಮೇನಲ್ಲಿ ಅಲ್ಲಿಯ ಮಕ್ಕಳು ಶಾಲೆಯಲ್ಲಿರುತ್ತಾರೆ. ಹಾಗಾಗಿ ವಾರದ ದಿನಗಳಲ್ಲಿ ಮೃಗಾಲಯದಲ್ಲಿ ನೂಕುನುಗ್ಗಲು ಕಡಿಮೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾತ್ರ ಬರಬಹುದು. ಒಬ್ಬೊಬ್ಬರಿಗೆ ಒಂದೊಂದು ಕೊಡೆ ಇರಲಿ.

ಕಾಗದ ಪತ್ರ

ಮೂರು ನಾಲ್ಕು ತಿಂಗಳು ಮುಂಚೆಯೇ ಪಾಸ್‌ಪೋರ್ಟ್ ಕೆಲಸ ಶುರುಮಾಡಿ. ಈಗ ಅನೇಕ ಊರುಗಳ ಅಂಚೆ ಕಚೇರಿಯಲ್ಲೂ ಪಾಸ್‌ಪೋರ್ಟ್ ಕೇಂದ್ರವಿದೆ. ಬೆಂಗಳೂರಿಗೇ ಓಡಬೇಕೆಂದಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಬರುವ ತೊಂದರೆಯೆಂದರೆ ಹೆಸರಿನದು. ಶಾಲೆಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಬರೀ ಹೆಸರು! ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮೊದಲು ಆಧಾರ್‌ನಲ್ಲಿ ಹೆಸರು ಸರಿಮಾಡಿಸಿಕೊಂಡು ಆಮೇಲೆ ಅರ್ಜಿ ಹಾಕಿ. ವಿಮಾನದ ಟಿಕೆಟ್‌ನಲ್ಲೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಅಕ್ಷರ ಅಕ್ಷರ ಹೊಂದಬೇಕು. ಹಸುಗೂಸಿಗೂ ಬೇರೆಯೇ ಪಾಸ್‌ಪೋರ್ಟ್ ಬೇಕು. ಸಿಂಗಾಪುರ ಸೇರುವ ದಿನಕ್ಕೆ ಕಡೇಪಕ್ಷ ಆರು ತಿಂಗಳ ಅವಧಿ ಉಳಿದಿರಬೇಕು.

ಭಾರತೀಯರಿಗೆ ವೀಸಾ ಬೇಕು. ಅವರು ಒಪ್ಪಿಗೆ ಕೊಟ್ಟಿರುವ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಅರ್ಜಿಯ ಶುಲ್ಕ ತಲೆಗೆ 30 ಸಿಂಗಾಪುರ ಡಾಲರ್. ಏಜೆಂಟರ ಕೂಲಿ ಬೇರೆ. ಎಷ್ಟು ಬೇರೆ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಇದಲ್ಲದೆ, ಅಲ್ಲಿಗೆ ತಲುಪುವ ಮೂರು ದಿನದೊಳಗೆ ಫೋನಿನಲ್ಲೇ ಒಂದು ಆಗಮನ ಪತ್ರ ತುಂಬಬೇಕು. ಸರ್ಕಾರದ ತಾಣದಲ್ಲಿ ಇದಕ್ಕೆ ಒಂದು ಪೈಸೆಯೂ ಇಲ್ಲ. ಯಾರಾದರೂ ಹಣ ಕೇಳಿದರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಉಳಿದುಕೊಳ್ಳುವ ಜಾಗ

ಐದು ಜನಕ್ಕೆ ಒಂದೇ ಕೋಣೆ ಅಲ್ಲಿ ಸಿಗುವುದು ಕಷ್ಟ. ಇಬ್ಬರು ದೊಡ್ಡವರು, ಒಂದೋ ಎರಡೋ ಮಕ್ಕಳು, ಅಷ್ಟಕ್ಕೇ ಹೆಚ್ಚಿನ ಕೋಣೆಗಳು ಮುಗಿಯುತ್ತವೆ. ಅಕ್ಕಪಕ್ಕದ ಎರಡು ಕೋಣೆ ಕೇಳಿ ಪಡೆಯಿರಿ. ಒಂದರಲ್ಲಿ ಅತ್ತೆ ಮತ್ತು ಮಗಳು, ಇನ್ನೊಂದರಲ್ಲಿ ನಾವು ಮೂವರು ಇದ್ದೆವು. ಯಾರದೋ ಖಾಲಿ ಮನೆ ನಾಲ್ಕು ದಿನಕ್ಕೆ ಅಗ್ಗವಾಗಿ ಸಿಗುತ್ತದೆ ಎಂಬ ಜಾಹೀರಾತು ಕಂಡರೆ ಮರುಳಾಗಬೇಡಿ. ವಾಸದ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಅಲ್ಲಿ ಕಾನೂನಿಗೆ ವಿರುದ್ಧ.

ನಾವು ಹಿಡಿದದ್ದು ಲಿಟ್ಲ್ ಇಂಡಿಯಾ ಎಂಬ ಬಡಾವಣೆ. ಕಾರಣ ಊಟ ಒಂದೇ ಅಲ್ಲ. ಅಲ್ಲಿಯ ರೈಲು ನಿಲ್ದಾಣದಲ್ಲಿ ಎರಡು ಮಾರ್ಗ ಕೂಡುತ್ತವೆ. ಸಸ್ಯತೋಟಕ್ಕೂ ಸಮುದ್ರ ತೀರದ ಉದ್ಯಾನಕ್ಕೂ ಒಂದು ಮಾರ್ಗ, ಸೆಂಟೋಸಾ ದ್ವೀಪದ ಕಡೆಗೆ ಇನ್ನೊಂದು. ಎಲ್ಲಿಯೂ ರೈಲು ಬದಲಿಸಬೇಕಿಲ್ಲ. ಮಗುವನ್ನೂ ಮಂಡಿನೋವಿನವರನ್ನೂ ಕರೆದುಕೊಂಡು ಹೋಗುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಗೊತ್ತೇ? ನಿಲ್ದಾಣಗಳಲ್ಲಿ ಲಿಫ್ಟ್ ಇದೆ. 90 ಸೆಂಟಿಮೀಟರಿಗಿಂತ ಗಿಡ್ಡವಿರುವ ಮಕ್ಕಳಿಗೆ ದೊಡ್ಡವರ ಜೊತೆ ಟಿಕೆಟ್ ಇಲ್ಲ. ರೈಲಿನೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ. ಹಿಡಿದರೆ ದಂಡ 500 ಡಾಲರ್ ತನಕ ಇದೆ. ಮಗುವಿಗೆ ಹತ್ತುವ ಮುಂಚೆಯೇ ತಿನ್ನಿಸಿಬಿಡಿ.

ಸೀರೆ ಉಡುವವರಿಗೆ ಒಂದು ಕಿವಿಮಾತು. ಅಲ್ಲಿಯ ಚಲಿಸುವ ಮೆಟ್ಟಿಲುಗಳು ನಮ್ಮಲ್ಲಿಗಿಂತ ಜೋರಾಗಿ ಓಡುತ್ತವೆ. ಸೆರಗು, ನಿರಿಗೆ ಎತ್ತಿ ಸಿಕ್ಕಿಸಿಕೊಂಡೇ ಕಾಲಿಡಿ. ಇಲ್ಲವೇ ಅತ್ತೆಯಂತೆ ಲಿಫ್ಟ್ ಹುಡುಕಿ.

ಪೆಟ್ಟಿಗೆಯಲ್ಲಿ ಏನು ಬೇಕು, ಏನು ಬೇಡ

ಹತ್ತಿಯ ಬಟ್ಟೆ ಸಾಕು. ಆದರೆ ರೈಲು, ಅಂಗಡಿಗಳೊಳಗೆ ಚಳಿ ಹಾಕಿರುತ್ತಾರೆ, ತೆಳು ಸ್ವೆಟರ್ ಇರಲಿ. ಅಲ್ಲಿಯ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನು. ಒಂದು ಅಡಾಪ್ಟರ್ ಕೊಂಡು, ಮನೆಯ ಎಕ್ಸ್‌ಟೆನ್ಷನ್ ಬೋರ್ಡನ್ನು ಜೊತೆಗೆ ಒಯ್ದರೆ ಎಲ್ಲರ ಫೋನಿಗೂ ಆಯಿತು. ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಿ. ಕೆಲವು ಕೆಮ್ಮಿನ ಔಷಧಿ, ನಿದ್ರೆ ಮಾತ್ರೆಗಳಿಗೆ ಅಲ್ಲಿಯ ಸರ್ಕಾರದ ಅನುಮತಿ ಮೊದಲೇ ಬೇಕು. ಚೂಯಿಂಗ್ ಗಮ್ 1992ರಿಂದ ಅಲ್ಲಿಗೆ ತರುವಂತಿಲ್ಲ. ಜಗಿಯುವ ತಂಬಾಕೂ ಬೇಡ, ಗಂಡಸರ ಜೇಬು ಒಮ್ಮೆ ನೋಡಿಬಿಡಿ! ಗಸಗಸೆಯೂ ಅಲ್ಲಿ ನಿಷೇಧಿತ ವಸ್ತು. ಪಾಯಸಕ್ಕೆಂದು ಯಾರಾದರೂ ನೆಂಟರಿಗೆ ಕಳಿಸಲು ಕೊಟ್ಟರೆ ಕೈಮುಗಿದು ವಾಪಸ್ಸು ಕೊಡಿ.

ನಮ್ಮ ಊರು ಕೊಬ್ಬರಿಗೆ ಹೆಸರಾದದ್ದು, ಯಾರ ಮನೆಗೆ ಹೋದರೂ ಗಿಟಕು ಒಯ್ಯುವ ಪದ್ಧತಿ. ಆದರೆ ಒಣಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ಬೆಂಕಿ ಹೊತ್ತುವ ವಸ್ತುಗಳ ಸಾಲಿಗೆ ಸೇರಿಸಿ ವಿಮಾನದ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿ, ತುಪ್ಪ, ಗೊಜ್ಜು ಕೈಚೀಲದಲ್ಲಿ ಬೇಡ, ತೂಕ ಹಾಕಿ ಕಳಿಸುವ ಪೆಟ್ಟಿಗೆಯಲ್ಲಿರಲಿ.

ವಿಮಾನದ ಊಟವನ್ನು ಕಡೇಪಕ್ಷ ಒಂದು ದಿನ ಮುಂಚೆ ಹೇಳಿಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಪಟ್ಟಿಯಲ್ಲಿ 'ಹಿಂದೂ ಮೀಲ್' ಎಂದಿರುವುದು ಸಸ್ಯಾಹಾರವಲ್ಲ, ಅದರಲ್ಲಿ ಮಾಂಸವಿರುತ್ತದೆ! 'ಏಷ್ಯನ್ ವೆಜಿಟೇರಿಯನ್' ಅಥವಾ 'ಇಂಡಿಯನ್ ವೆಜಿಟೇರಿಯನ್' ಎಂದು ಕೇಳಬೇಕು. ಮಂಡಿನೋವಿನವರಿಗೆ ಗಾಲಿಕುರ್ಚಿಯನ್ನೂ ಟಿಕೆಟ್ ಕೊಳ್ಳುವಾಗಲೇ ಕೇಳಿ. ಅತ್ತೆ ಮೊದಲು ಸಂಕೋಚಪಟ್ಟರು. ವಿಮಾನ ನಿಲ್ದಾಣದ ಉದ್ದ ನೋಡಿದ ಮೇಲೆ ಸುಮ್ಮನೆ ಕೂತರು.

ದಿನಕ್ಕೊಂದು ಜಾಗ

ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಏಳು ಎಂದರೆ ಮಗುವಿನ ಮೈಗೆ ಇನ್ನೂ ನಾಲ್ಕೂವರೆ. ಎಬ್ಬಿಸಿದರೆ ದಿನವೆಲ್ಲ ಅಳು. ಆದರೆ ಅಲ್ಲಿಯ ರಾತ್ರಿ ಎಂಟು ಗಂಟೆಗೆ ಅದಕ್ಕೆ ಬರೀ ಐದೂವರೆ, ಆಟದ ಹೊತ್ತು! ಆದ್ದರಿಂದ ಬೆಳಿಗ್ಗೆ ನಿಧಾನ, ಸಂಜೆ ತಿರುಗಾಟ ಎಂದು ಇಟ್ಟುಕೊಂಡರೆ ಮಗುವಿಗೂ ಸುಖ, ಬಿಸಿಲೂ ತಪ್ಪುತ್ತದೆ.

ಮೊದಲ ದಿನ: ಬೆಳಗಿನ ಜಾವ ಇಳಿದರೆ ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಜುವೆಲ್ ಎಂಬ ಕಟ್ಟಡದಲ್ಲಿ ಕೂರಿ. 2019ರಲ್ಲಿ ತೆರೆದದ್ದು. ಗಾಜಿನ ಚಾವಣಿಯ ನಡುವಿನಿಂದ ನಲವತ್ತು ಮೀಟರ್ ಎತ್ತರದ ಜಲಪಾತ ಧುಮುಕುತ್ತದೆ, ಸುತ್ತ ಕಾಡು ಬೆಳೆಸಿದ್ದಾರೆ. ನೋಡಲು ದುಡ್ಡಿಲ್ಲ. ಮಗ ಎರಡು ಗಂಟೆ ಅಲ್ಲಿಂದ ಕದಲಲಿಲ್ಲ.

ಎರಡನೆಯ ದಿನ: ಸಸ್ಯತೋಟ. 1859ರಲ್ಲಿ ಶುರುವಾದದ್ದು, 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆರ್ಕಿಡ್ ತೋಟಕ್ಕೆ ಮಾತ್ರ ಶುಲ್ಕ, ಉಳಿದದ್ದೆಲ್ಲ ಉಚಿತ. ಅದರ ಒಂದು ಮಗ್ಗುಲಲ್ಲಿ ಜೇಕಬ್ ಬಲ್ಲಾಸ್ ಮಕ್ಕಳ ತೋಟವಿದೆ. ಮಗು ಜೊತೆಗಿಲ್ಲದ ದೊಡ್ಡವರಿಗೆ ಅಲ್ಲಿ ಪ್ರವೇಶವೇ ಇಲ್ಲ! "ನಾನು ಇದ್ದಿದ್ದಕ್ಕೆ ನಿಮ್ಮನ್ನೆಲ್ಲ ಒಳಗೆ ಬಿಟ್ರು" ಎಂದು ಮನೆಯಲ್ಲಿ ಬಿಟ್ಟು ಹೋಗಬೇಕೆಂದಿದ್ದ ನಮ್ಮ ಚಿಕ್ಕವನು ಇಂದಿಗೂ ಜಂಬ ಕೊಚ್ಚುತ್ತಾನೆ. ಸಂಜೆ ಮರ್ಲಯನ್ ನೋಡಿ ಬನ್ನಿ. 1972ರಲ್ಲಿ ನಿಲ್ಲಿಸಿದ ಸಿಂಹದ ತಲೆ, ಮೀನಿನ ಮೈಯ ಪ್ರತಿಮೆ, ಬಾಯಿಂದ ನೀರು ಚಿಮ್ಮುತ್ತದೆ. ಅರ್ಧ ಗಂಟೆ ಸಾಕು.

ಮೂರನೆಯ ದಿನ: ಮೃಗಾಲಯ, 1973ರದು. ಊರಾಚೆ ಮಂಡಾಯ್ ಎಂಬ ಕಡೆ ಇದೆ. ನ್ಯೂಟನ್ ನಿಲ್ದಾಣದಲ್ಲಿ ಒಮ್ಮೆ ರೈಲು ಬದಲಿಸಿ ಖತೀಬ್‌ನಲ್ಲಿ ಇಳಿದರೆ ಅಲ್ಲಿಂದ ಬಸ್ಸು. ನಮ್ಮ ಮೈಸೂರಿನಲ್ಲಿ ಇರುವಂತೆ ಇಲ್ಲೂ ಕಂಬಿಯ ಬದಲು ಕಂದಕಗಳು. ಒರಾಂಗುಟಾನ್‌ಗಳು ತಲೆಯ ಮೇಲಿನ ಮರಗಳಲ್ಲೇ ಓಡಾಡುತ್ತವೆ. ಅತ್ತೆ ಮತ್ತು ಮಗ ಒಳಗಿನ ಟ್ರಾಮಿನಲ್ಲಿ ಸುತ್ತಿದರು. ಹಳೆಯ ಪುಸ್ತಕಗಳಲ್ಲಿ ಜುರಾಂಗ್ ಪಕ್ಷಿಧಾಮದ ವರ್ಣನೆ ಇರುತ್ತದೆ. ಅದು 2023ರ ಜನವರಿಯಲ್ಲಿ ಮುಚ್ಚಿತು. ಪಕ್ಷಿಗಳೆಲ್ಲ ಈಗ ಮಂಡಾಯ್‌ನ ಹೊಸ ಜಾಗದಲ್ಲಿವೆ. ಪಕ್ಕದಲ್ಲೇ ರಾತ್ರಿ ಮೃಗಾಲಯವೂ ಇದೆ. ಎಲ್ಲವನ್ನೂ ಒಂದೇ ದಿನ ನೋಡಿಬಿಡೋಣವೆಂಬ ಆಸೆ ಮಾತ್ರ ಬೇಡ.

ನಾಲ್ಕನೆಯ ದಿನ: ಏನೂ ಇಲ್ಲ. ಹೌದು, ಪುಸ್ತಕದಲ್ಲಿ ನಾನು ಆ ದಿನವನ್ನು ಖಾಲಿ ಬಿಟ್ಟಿದ್ದೆ. "ಇಷ್ಟು ದುಡ್ಡು ಕೊಟ್ಟು ಹೋಗಿ ಕೋಣೇಲಿ ಕೂರೋದಾ?" ಎಂದು ನಮ್ಮ ಮನೆಯವರು ಹೊರಡುವ ಮುಂಚೆ ವಾದ ಮಾಡಿದ್ದರು. ಮೂರನೆಯ ರಾತ್ರಿ ಮಗನಿಗೆ ಮೈ ಬಿಸಿಯಾಯಿತು. ಪರದೇಶ, ನಡುರಾತ್ರಿ, ಕೆಂಡದಂಥ ಮಗು. ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿನ ವೈದ್ಯರು ಬರೆದುಕೊಟ್ಟಿದ್ದ ಜ್ವರದ ಔಷಧಿ ಪೆಟ್ಟಿಗೆಯಲ್ಲಿತ್ತು. ಆಂಬುಲೆನ್ಸಿನ ಸಂಖ್ಯೆ 995 ಎಂದು ಗೋಡೆಗೆ ಅಂಟಿಸಿಕೊಂಡು, ಅತ್ತೆಯೂ ನಾನೂ ಸರದಿಯ ಮೇಲೆ ಹಣೆಗೆ ಒದ್ದೆ ಬಟ್ಟೆ ಹಾಕಿದೆವು. ಬೆಳಗಿನ ಹೊತ್ತಿಗೆ ಇಳಿಯಿತು. ಅಂದು ಎಲ್ಲಿಗೂ ಹೋಗಬೇಕಿರಲಿಲ್ಲ, ಯಾವ ಬಸ್ಸೂ ನಮಗಾಗಿ ಕಾಯುತ್ತಿರಲಿಲ್ಲ, ಯಾವ ಟಿಕೆಟ್ಟೂ ಹಾಳಾಗಲಿಲ್ಲ. ಮಗ ಮಧ್ಯಾಹ್ನದವರೆಗೂ ಮಲಗಿದ್ದ. ಹದಿನಾಲ್ಕು ಜಾಗದ ಹಾಳೆಯಲ್ಲಿ ಈ ಒಂದು ದಿನಕ್ಕೆ ಎಡೆಯೇ ಇರಲಿಲ್ಲ. ಆಮೇಲೆ ನಮ್ಮ ಮನೆಯವರು ಖಾಲಿ ದಿನದ ಬಗ್ಗೆ ಮಾತಾಡಲಿಲ್ಲ.

ಐದನೆಯ ದಿನ: ಸಂಜೆ ಗಾರ್ಡನ್ಸ್ ಬೈ ದ ಬೇ. 2012ರಲ್ಲಿ ತೆರೆದ, ಸಮುದ್ರವನ್ನು ತುಂಬಿ ಮಾಡಿದ ನೆಲದ ಮೇಲಿನ ಉದ್ಯಾನ. ಗಾಜಿನ ಮನೆಗಳಿಗೆ ಟಿಕೆಟ್ ಇದೆ. ಹೊರಗಿನ ತೋಟ, ಮಕ್ಕಳ ನೀರಾಟದ ಜಾಗ ಎಲ್ಲ ಉಚಿತ. ಒಂದು ಜೊತೆ ಒಣಬಟ್ಟೆ ಒಯ್ಯಿರಿ. ಇದೂ, ಜೇಕಬ್ ಬಲ್ಲಾಸ್ ತೋಟವೂ ಸೋಮವಾರ ಮುಚ್ಚಿರುತ್ತವೆ. ದಿನ ಗೊತ್ತುಮಾಡುವಾಗ ನೆನಪಿರಲಿ. ಕತ್ತಲಾದ ಮೇಲೆ ಕಬ್ಬಿಣದ ಬೃಹತ್ ಮರಗಳಿಗೆ ಸಂಗೀತದೊಡನೆ ದೀಪ ಹತ್ತುತ್ತದೆ. ನಾವು ನೋಡಿದ್ದು ಏಳೂ ಮುಕ್ಕಾಲರ ಆಟ. ಹುಲ್ಲಿನ ಮೇಲೆ ಮಲಗಿ ನೋಡಿದೆವು, ಐದೂ ಜನ.

ಆರನೆಯ ದಿನ: ಅರ್ಧ ದಿನ ಸೆಂಟೋಸಾ ದ್ವೀಪ. ಹಾರ್ಬರ್‌ಫ್ರಂಟ್ ನಿಲ್ದಾಣದಿಂದ ಸೇತುವೆಯ ಮೇಲೆ ನಡೆದೇ ಹೋಗಬಹುದು. ಒಳಗಿನ ಬಸ್ಸಿಗೆ ದುಡ್ಡಿಲ್ಲ. ಮರಳಿನಲ್ಲಿ ಆಡಿ, ಕಾಲು ನೆನೆಸಿ ಬಂದರೂ ಮಕ್ಕಳಿಗೆ ಹಬ್ಬ. ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹೋಗಲೇಬೇಕೆಂದರೆ ಮೊದಲು ಮನೆಯ ಗೋಡೆಗೆ ಮಗುವನ್ನು ನಿಲ್ಲಿಸಿ ಎತ್ತರ ಅಳೆಯಿರಿ. ಅಲ್ಲಿಯ ಅನೇಕ ಆಟಗಳಿಗೆ ಎತ್ತರದ ಮಿತಿಯಿದೆ. ದುಬಾರಿ ಟಿಕೆಟ್ ಕೊಂಡು ಬಾಗಿಲಲ್ಲಿ ಮಗುವನ್ನು ಅಳಿಸುವುದು ಬೇಡ.

ಊಟ, ತಿಂಡಿ

ಸೆರಂಗೂನ್ ರಸ್ತೆಯಲ್ಲಿ ಸಸ್ಯಾಹಾರಕ್ಕೆ ಬರವಿಲ್ಲ. ಕೋಮಲ ವಿಲಾಸ್ 1947ರಿಂದ ಅಲ್ಲಿದೆ. ನಮ್ಮ ಬೆಂಗಳೂರಿನ ಎಂ.ಟಿ.ಆರ್. ಕೂಡ 2013ರಲ್ಲಿ ಅದೇ ರಸ್ತೆಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ಶಾಖೆ ತೆರೆಯಿತು. ಪರದೇಶದಲ್ಲಿ ದೇವರ ದರ್ಶನ ಮುಗಿಸಿ ರಸ್ತೆ ದಾಟಿದರೆ ರವೆ ಇಡ್ಲಿ! ಅತ್ತೆಯ ಅರ್ಧ ಹೆದರಿಕೆ ಅಲ್ಲೇ ಹೋಯಿತು. ತೆಕ್ಕಾ ಮಾರುಕಟ್ಟೆಯ ಹತ್ತಿರ ಅವರು ಕನ್ನಡದಲ್ಲೇ "ಎರಡು ಮೊಳ ಮಲ್ಲಿಗೆ ಕೊಡಮ್ಮ" ಎಂದರು. ಹೂವಿನಾಕೆ ತಮಿಳಿನಲ್ಲಿ ಏನೋ ಹೇಳಿ ಕೊಟ್ಟೇಬಿಟ್ಟಳು.

ಬೇರೆ ಕಡೆ ತಿನ್ನುವಾಗ ಸಸ್ಯಾಹಾರಿಗಳು ಎರಡು ವಿಷಯ ತಿಳಿದಿರಿ. ಅಲ್ಲಿಯ ಸಾಂಬಾಲ್ ನೋಡಲು ನಮ್ಮ ಕೆಂಪು ಚಟ್ನಿಯಂತೆಯೇ. ಆದರೆ ಅದರಲ್ಲಿ ಸಾಮಾನ್ಯವಾಗಿ ಸಿಗಡಿಯಿಂದ ಮಾಡಿದ ಬೆಲಾಚಾನ್ ಇರುತ್ತದೆ. ಬ್ರೆಡ್ಡಿಗೆ ಸವರುವ 'ಕಾಯಾ' ಎಂಬ ಸಿಹಿಯ ಹೆಸರು ಕೇಳಿ ನಮ್ಮ ತೆಂಗಿನಕಾಯಿ ಎಂದುಕೊಳ್ಳಬೇಡಿ. ಕಾಯಿಹಾಲೇನೋ ಇದೆ, ಜೊತೆಗೆ ಮೊಟ್ಟೆಯೂ ಇದೆ. ಪುಟು ಮಾಯಂ ಎಂಬುದು ಮಾತ್ರ ನಮ್ಮ ಒತ್ತುಶಾವಿಗೆಯ ಅಕ್ಕತಂಗಿ. ಕಾಯಿತುರಿ, ಸಕ್ಕರೆಯೊಡನೆ ಕೊಡುತ್ತಾರೆ. ಮಕ್ಕಳಿಗೆ ಬಹಳ ಹಿಡಿಸಿತು.

ಆದರೂ ದಣಿದ ರಾತ್ರಿ ಹೊರಗೆ ಹೋಗಲು ಆಗದಿದ್ದರೆ? ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ, ನೀರು ಕಾಯಿಸುವ ಕೆಟಲ್ ಇರುತ್ತದೆ. ಅದಕ್ಕೆಂದೇ ಈ ತಿಂಡಿ:

ಪ್ರಯಾಣದ ಗೊಜ್ಜವಲಕ್ಕಿ: ಎರಡು ಲೋಟ ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ತರಿತರಿಯಾಗಿ ಪುಡಿಮಾಡಿ ಒಣ ಡಬ್ಬಿಗೆ ತುಂಬಿ. ದೊಡ್ಡ ನಿಂಬೆ ಗಾತ್ರದ ಹುಣಿಸೆಹಣ್ಣಿನ ಗಟ್ಟಿ ರಸಕ್ಕೆ ಎರಡು ಚಮಚ ಸಾರಿನ ಪುಡಿ, ಅರ್ಧ ಅಚ್ಚು ಬೆಲ್ಲ, ರುಚಿಗೆ ಉಪ್ಪು, ಚಿಟಿಕೆ ಅರಿಶಿನ ಹಾಕಿ ಕುದಿಸಿ. ನಾಲ್ಕು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಕಡಲೆಬೀಜದ ಒಗ್ಗರಣೆ ಕೊಟ್ಟು, ಎಣ್ಣೆ ಬಿಡುವ ತನಕ ಬಾಡಿಸಿ. ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಬೇಕಾದಾಗ ಗೊಜ್ಜನ್ನು ಬಿಸಿನೀರಿನಲ್ಲಿ ಕದಡಿ, ಅವಲಕ್ಕಿ ನೆನೆಯುವಷ್ಟು ಸುರಿದು ಹತ್ತು ನಿಮಿಷ ಮುಚ್ಚಿಡಿ. ತಿಂಡಿ ಸಿದ್ಧ.

ಇಷ್ಟರ ಮೇಲೆ ಅಡುಗೆ ಸಾಮಾನು ಹೊರಬೇಡಿ. ಮನೆಯವರಿಗೆಲ್ಲ ರಜ, ನಮಗೆ ಮಾತ್ರ ಅಲ್ಲೂ ಸೌಟು ಎಂದಾದರೆ ಅದೇನು ಪ್ರವಾಸ, ನೀವೇ ಹೇಳಿ? ತಟ್ಟೆ ತೊಳೆಯದ ಆರು ದಿನ ನನಗೆ ಮದುವೆಯಾದ ಮೇಲೆ ಅದೇ ಮೊದಲು.

ಮಕ್ಕಳಿಗೆ ಹೇಳಿಡಬೇಕಾದ್ದು

ಹೊರಡುವ ಮುಂಚೆಯೇ ಮಕ್ಕಳಿಗೆ ಮೂರು ಮಾತು ಕಲಿಸಿ. ಒಂದು, ಕಸ ಎಸೆಯುವುದಾಗಲಿ ಉಗುಳುವುದಾಗಲಿ ಅಲ್ಲಿ ಅಪರಾಧ, ದಂಡ ತೆರಬೇಕು. ಎರಡು, ರಸ್ತೆಯನ್ನು ಗುರುತಿನ ಜಾಗದಲ್ಲೇ ದಾಟಬೇಕು. ಮೂರು, ತಪ್ಪಿಸಿಕೊಂಡರೆ ಹುಡುಕುತ್ತ ಓಡಬಾರದು, ಇದ್ದಲ್ಲೇ ನಿಲ್ಲಬೇಕು, ಅಮ್ಮ ಬಂದೇ ಬರುತ್ತಾಳೆ. ಹೋಟೆಲಿನ ವಿಳಾಸ, ನಮ್ಮ ಫೋನ್ ಸಂಖ್ಯೆ ಬರೆದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ. ಅತ್ತೆಯ ಸೊಂಟದ ಚೀಲದಲ್ಲೂ ಒಂದಿತ್ತು. ಪೊಲೀಸರ ಸಂಖ್ಯೆ 999.

ಕೊಳ್ಳುವ ಆಸೆಯನ್ನು ಕೊನೆಯ ದಿನಕ್ಕೆ ಇಡಿ. ಮುಸ್ತಫಾ ಎಂಬ ದೊಡ್ಡ ಅಂಗಡಿ ಲಿಟ್ಲ್ ಇಂಡಿಯಾದಲ್ಲೇ ಇದೆ. ಅಲ್ಲಿ ಸೂಜಿಯಿಂದ ಚಿನ್ನದವರೆಗೆ ಸಿಗುತ್ತದೆ. ಮೊದಲ ದಿನವೇ ಒಳಹೊಕ್ಕರೆ ಐದನೆಯ ಪುಟದ ಹಣಕ್ಕೂ ಕೈ ಬೀಳುವುದು ಖಂಡಿತ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ: "ಅದು ನೋಡಿದ್ರಾ? ಇದು ನೋಡಿದ್ರಾ?" ಬಹಳಷ್ಟಕ್ಕೆ ಇಲ್ಲ ಎಂದೆವು. ಮಕ್ಕಳು ಮಾತ್ರ ಬೇರೆಯೇ ಲೆಕ್ಕ ಹೇಳುತ್ತಾರೆ. ಮಗಳಿಗೆ ಜುವೆಲ್ಲಿನ ಜಲಪಾತ, ಮಗನಿಗೆ ಹುಲ್ಲಿನ ಮೇಲೆ ಅಜ್ಜಿಯ ಪಕ್ಕ ಮಲಗಿ ನೋಡಿದ ದೀಪದ ಮರ. ಅಜ್ಜಿ ಜೊತೆಗಿಲ್ಲದಿದ್ದರೆ ಆ ನೆನಪು ಅವನಿಗೆಲ್ಲಿಂದ ಬರುತ್ತಿತ್ತು?

ನಿಮ್ಮ ಮನೆಯಲ್ಲೂ "ನಾನು ಬರಲ್ಲ, ನೀವು ಹೋಗಿ ಬನ್ನಿ" ಅನ್ನುವವರು ಒಬ್ಬರು ಇರುತ್ತಾರೆ. ಅವರಿಗೆ ನಿಜವಾಗಿ ಬರಲು ಇಷ್ಟವಿಲ್ಲವೋ, ಅಥವಾ ನಾವು ಹಾಕಿದ ಓಟ ಅವರ ಕಾಲಿಗೆ ಹೆಚ್ಚಾಯಿತೋ, ಒಮ್ಮೆ ಪಕ್ಕದಲ್ಲಿ ಕೂತು ಕೇಳಿ. ಆಮೇಲೆ ಪುಸ್ತಕ ತೆಗೆದು ಐದು ಪುಟ ಮಾಡಿ. ಹೋಗುವುದು ಈ ವರ್ಷವೋ ಮೂರು ವರ್ಷದ ಮೇಲೋ, ನಿಮ್ಮ ಹೆಸರಿನಲ್ಲೊಂದು ಪಾಸ್‌ಪೋರ್ಟನ್ನಂತೂ ಈಗಲೇ ಮಾಡಿಸಿಡಿ. ಶುಭ ಪ್ರಯಾಣ!